ಆ ಒಂದು ಸಾಲಿಗೆ ಒಪ್ಪದ ನರ್ಸಮ್ಮ

ನರ್ಸಮ್ಮನ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಹೆರಿಗೆ ನೋವಿನಲ್ಲಿ ನನ್ನ ನಾದಿನಿ ಕೈಗೆ ಸಿಕ್ಕ ಓಲೆಯನ್ನೇ ಹಿಡಿದು ಜಗ್ಗಿದ್ದಳು. ರಕ್ತ ಕುಪ್ಪಸಕ್ಕೆ ಇಳಿಯುತ್ತಿದ್ದರೂ ನರ್ಸಮ್ಮ ಕೂಸಿನಿಂದ ಕೈ ತೆಗೆಯಲಿಲ್ಲ. ಕೂಸು ಅತ್ತ ಮೇಲೆ ನನ್ನ ಕಡೆ ತಿರುಗಿ, "ನಿನ್ನ ನಾದಿನಿಗೆ ಬಂಗಾರದ ಮ್ಯಾಲೆ ಭಾಳ ಆಸಿ ಐತವ್ವ, ಒಂದೀಟು ಹತ್ತಿ ಕೊಡು" ಅಂದಳು. ಆಮೇಲೆ ಬಲಗಿವಿಗೊಂದೇ ಓಲೆ. ಹೊಲಿಸಿಕೋ ಎಂದರೆ, "ಕೇಳಸ್ತೈತಲ್ಲ, ಸಾಕು" ಎನ್ನುತ್ತಿದ್ದಳು.

ಆಕೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವರು, ಇವರು ಎಂದಿದ್ದರೆ ಆಕೆಯೇ ನಗುತ್ತಿದ್ದಳು.

ನಮ್ಮ ಕರೂರಿನಲ್ಲಿ ಆಕೆ ಬಹಳ ವರ್ಷ ನರ್ಸಾಗಿ ಇದ್ದಳು. ಬಾಯಿ ಜೋರು. ಯಾರಾದರೂ ಗೋಳಾಡಿದರೆ, "ಅಳಾದು ಆಮ್ಯಾಗ, ಮೊದ್ಲು ಗಾಡಿ ಹತ್ತು" ಎಂದು ರಟ್ಟೆ ಹಿಡಿದು ನೂಕುತ್ತಿದ್ದಳು. ನಮ್ಮದು ಕಾಲುವೆ ನೀರಿನ ಭತ್ತದ ಊರು, ಗದ್ದೆಯ ಬದುಗಳಲ್ಲಿ ಹಾವು ಇರುವುದೇ. ಒಮ್ಮೆ ಕಳೆ ಕೀಳುತ್ತಿದ್ದ ಹೆಂಗಸಿಗೆ ಹಾವು ಕಚ್ಚಿತು. ನರ್ಸಮ್ಮ ಸಿರುಗುಪ್ಪದ ಬಸ್ಸಿಗೆ ಅಡ್ಡ ನಿಂತು, ಡ್ರೈವರನ ಕೈಲಿ ಬೈಸಿಕೊಳ್ಳುತ್ತ, ತಾನೂ ಬೈಯುತ್ತ ಕಾದಳು. ಮನೆಯವರು ವಿಷ ಇಳಿಯಲೆಂದು ಅವಳನ್ನು ಮೊದಲು ಬೇರು ಕಟ್ಟಿಸಲು ಒಯ್ದಿದ್ದರು. ಬಸ್ಸಿನ ಹತ್ತಿರ ತರುವಷ್ಟರಲ್ಲಿ ಜೀವ ಇರಲಿಲ್ಲ. ಬಾತ ಬೆರಳಿನಲ್ಲಿ ಹೂತುಹೋಗಿದ್ದ ಕಾಲುಂಗುರವನ್ನು ನರ್ಸಮ್ಮ ರಸ್ತೆಯ ಮೇಲೆ ಕೂತೇ ಬಿಡಿಸಿದಳು. ಅಂಥ ಬಾಯಿ ಸುಮ್ಮನಾದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಕೆಲಸ ಮುಗಿಸಿ ಕುರುಗೋಡಿನ ತಂಗಿಯ ಮನೆ ಸೇರಿದ ಮೇಲೆ ಆಕೆ ಒಂದು ಸಣ್ಣ ಪುಸ್ತಕ ಬರೆದಳು. ಹಾವು ಕಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು, ಅಷ್ಟೇ. ಪುಟಕ್ಕೊಂದು ಚಿತ್ರ. ಬಳ್ಳಾರಿಯಲ್ಲಿ ಅಚ್ಚಾಗಿ ಪ್ರತಿಗಳೆಲ್ಲ ಖರ್ಚೂ ಆಗಿಹೋದವು. ನನಗೊಂದು ಕೊಟ್ಟಿದ್ದಳು. ನಾನು ಮೂರನೇ ತರಗತಿಗೇ ಶಾಲೆ ಬಿಟ್ಟವಳು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ. ಆದರೂ ಅದನ್ನು ಪೂರ್ತಿ ಓದಿದ್ದೆ.

ಈ ವರ್ಷ ನನ್ನ ಮೊಮ್ಮಗಳು ಅದನ್ನು ಕಂಡಳು. ಊರಿನ ಯುವಕರ ಸಂಘಕ್ಕೆ ಅವಳೇ ಮುಂದಾಳು. ನಾಟಿ ಶುರುವಾಗುವುದರೊಳಗೆ ಮತ್ತೆ ಅಚ್ಚು ಹಾಕಿಸಿ ಕೂಲಿ ಹೆಂಗಸರಿಗೆಲ್ಲ ಹಂಚಬೇಕೆಂದು ಸಂಘದವರು ಹೊರಟರು. ಗೊಬ್ಬರದಂಗಡಿಯವನು ಖರ್ಚು ತನ್ನದು ಎಂದ. ನಮ್ಮ ಕಡೆ ಸಂಘದವರು ಏನು ಅಚ್ಚು ಹಾಕಿಸಿದರೂ ಖರ್ಚು ಕೊಟ್ಟವನು ಹಿಂದಿನ ಪುಟದಲ್ಲಿ ಕೈಮುಗಿದು ನಿಂತಿರುತ್ತಾನೆ. ಈ ಅಂಗಡಿಯವನಿಗೆ ಆ ಫೋಟೊ ಸಾಲಲಿಲ್ಲ. ಅವನ ಮನೆಯಲ್ಲಿ ಅಪ್ಪನ ಕಾಲದಿಂದ ಹಾವಿಗೆ ಬೇರು ಕಟ್ಟುತ್ತಾರೆ. "ನಂದೊಂದು ಮಾತು ಸೇರ್ಸ್ರಿ" ಎಂದ. ಹುಡುಗರು ಪುಸ್ತಕವನ್ನು ಹೊಸದಾಗಿ ಟೈಪು ಮಾಡುವಾಗ ನಡುವೆ ಸೇರಿಸಿಯೇಬಿಟ್ಟರು: 'ಮೊದಲು ಬೇರು ಕಟ್ಟಿಸಿ, ನಂತರ ಆಸ್ಪತ್ರೆಗೆ ಹೋಗಿ.' ದಾನಿ ಹೇಳಿದ ಮೇಲೆ ಬೇಡವೆನ್ನುವುದು ಹೇಗೆ ಎಂಬುದೊಂದೇ ಅವರ ಯೋಚನೆ.

ಬಳ್ಳಾರಿಯ ಪ್ರೆಸ್ಸಿನವನು ಹಳೆಯ ಪುಸ್ತಕದ ಮೊದಲ ಪುಟ ನೋಡಿ ಅವರನ್ನು ವಾಪಸ್ಸು ಕಳಿಸಿದ. ಬರೆದವರ ಒಪ್ಪಿಗೆ ಇಲ್ಲದೆ ಅಚ್ಚು ಹಾಕಬಾರದು ಎಂದು ಅಲ್ಲಿ ಬರೆದಿತ್ತು.

"ನಾವೇನು ಮಾರತೀವೇನಜ್ಜಿ? ಪುಕ್ಕಟೆ ಹಂಚಾಕ ಯಾರ್ನ ಕೇಳಬೇಕು?" ಎಂದಳು ಮೊಮ್ಮಗಳು.

"ನಮ್ಮ ಎಮ್ಮಿ ಬಿಚ್ಚಿಗೊಂಡು ಹೋಗಿ ಊರಿಗೆಲ್ಲ ಪುಕ್ಕಟೆ ಹಾಲು ಹಾಕಿದ್ರ ಸುಮ್ಮನಿರತಿಯೇನ?" ಎಂದೆ. ಇಬ್ಬರೂ ಕುರುಗೋಡಿನ ಬಸ್ಸು ಹತ್ತಿದೆವು.

ನರ್ಸಮ್ಮ ಮಂಚದ ಮೇಲೆ ಕೂತಿದ್ದಳು. ಸೊರಗಿದ್ದಳು, ನಾಲ್ಕು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಮೊಮ್ಮಗಳು ಕೊಟ್ಟ ಹಾಳೆಗಳನ್ನು ಕನ್ನಡಕ ಏರಿಸಿಕೊಂಡು ಓದುತ್ತ ಹೋದಳು. ತಂಗಿ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಒಂದು ಕಡೆ ಆಕೆಯ ಬೆರಳು ನಿಂತಿತು.

"ಇದು ಯಾರ ಮಾತು?"

"ನಮ್ಮ ದಾನಿಗಳದು ಮೇಡಂ."

"ಪುಸ್ತಕದ ಮ್ಯಾಲೆ ಯಾರ ಹೆಸರು ಐತಿ?"

"ನಿಮ್ದು."

"ಇದನ್ನ ಓದಿ ಯಾವಾಕಿಯಾದ್ರೂ ಬೇರು ಕಟ್ಟಿಸಿಗೊಂಡು ಕುಂತು ಸತ್ರ, ಹೇಳಿದಾಕಿ ಯಾರು?"

ಮೊಮ್ಮಗಳು ಹಾಳೆಗಳಿಗೆ ಕೈ ಚಾಚಿದಳು. "ನಾವು ಪುಕ್ಕಟೆ ಹಂಚಾಕ..."

"ವಿಷ ಪುಕ್ಕಟೆ ಹಂಚಿದ್ರ ಪುಣ್ಯ ಬರತೈತೇನವ್ವ?"

ನಾನು ನಡುವೆ ಬಾಯಿ ಹಾಕಿದೆ. "ಕಾಲುವಿಗೆ ನೀರು ಬಿಟ್ಟಾರ ನರ್ಸಮ್ಮ, ನಾಟಿ ಬಂತು. ಆ ಸಾಲು ತೆಗದ್ರ ಆತ ರೊಕ್ಕ ಕೊಡಂಗಿಲ್ಲ. ಪುಸ್ತಕಾನ ಬರಂಗಿಲ್ಲ."

"ಬರದಿದ್ರ ಬಿಡ್ಲಿ. ಆವತ್ತು ರಸ್ತಿದಾಗ ನೀನೂ ಇದ್ದಿ."

ಇದ್ದೆ.

ಆಕೆ ಹಾಳೆಗಳನ್ನು ಪಕ್ಕಕ್ಕಿಟ್ಟು ಪೆನ್ನು ಕೇಳಿದಳು. ಬೇರೆ ಹಾಳೆಯ ಮೇಲೆ ಒಪ್ಪಿಗೆ ಬರೆದಳು. ಈ ಸಲಕ್ಕೆ ಮಾತ್ರ, ಸಿರುಗುಪ್ಪ ತಾಲೂಕಿಗೆ ಮಾತ್ರ. ಮಾರಕೂಡದು. ಏನೂ ಸೇರಿಸಕೂಡದು, ಏನೂ ಬಿಡಕೂಡದು. ಅಚ್ಚಿಗೆ ಹೋಗುವ ಮುಂಚೆ ಕರಡು ತನಗೆ ತೋರಿಸಬೇಕು. ಹಾಳೆ ಕೊಡುತ್ತ, "ಆತನ ಫೋಟೊ ಬಾಗ್ಲಷ್ಟು ದೊಡ್ಡದು ಹಾಕ್ರಿ, ನಂದೇನೂ ಇಲ್ಲ. ಮಾತು ಮಾತ್ರ ಬ್ಯಾಡ" ಎಂದಳು.

ಗೊಬ್ಬರದಂಗಡಿಯವನು ಕೇಳಲಿಲ್ಲ. "ರೊಕ್ಕ ನಂದು, ಪುಸ್ತಕ ಆಕೀದು ಹೆಂಗಾತು?" ಎಂದು ಎದ್ದುಹೋದ. ಸಂಘದಲ್ಲಿ ಜಗಳ ಹತ್ತಿತು. ಅರ್ಧ ಜನ ಒಪ್ಪಿಗೆಯ ಹಾಳೆಯನ್ನು ಪ್ರೆಸ್ಸಿನವನಿಗೆ ತೋರಿಸಿ, ಆ ಸಾಲು ಇಟ್ಟೇ ಅಚ್ಚು ಹಾಕಿಸೋಣ ಎಂದರು. "ಆಕಿ ಮಂಚ ಬಿಟ್ಟು ಏಳಂಗಿಲ್ಲ. ಯಾರು ಹೋಗಿ ತೋರಸ್ತಾರ?" ಎಂದ ಒಬ್ಬ. ಮೊಮ್ಮಗಳು ಹಾಳೆಯನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು, "ಕೊಡಂಗಿಲ್ಲ, ಏನ್ ಮಾಡ್ಕೊಂತೀರಿ ಮಾಡ್ಕಳ್ರಿ" ಎಂದು ಮನೆಗೆ ಬಂದಳು. ಅವಳ ಜೊತೆ ನಾಲ್ಕೈದು ಜನ ಉಳಿದರು. ದಾನಿ ಬೇಡ, ಪ್ರೆಸ್ಸೂ ಬೇಡ, ಹಳೆಯ ಪುಸ್ತಕ ಮಾಸಿದೆ, ಆ ಸಾಲು ತೆಗೆದು ಟೈಪಿನ ಹಾಳೆಗಳನ್ನೇ ಸಿರುಗುಪ್ಪದಲ್ಲಿ ಜೆರಾಕ್ಸ್ ಮಾಡಿಸಿ, ಅಕ್ಕಿಚೀಲ ಹೊಲಿಯುವ ದಬ್ಬಣದಿಂದ ನಾವೇ ಹೊಲಿಯೋಣ ಎಂದಾಯಿತು.

ಕರಡು ಒಯ್ಯಬೇಕೆನ್ನುವಾಗಲೇ ನರ್ಸಮ್ಮ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂತು.

ಮಣ್ಣು ಮಾಡುವುದಕ್ಕೆ ಹೋದೆವು. ಆಕೆಗೆ ಇದ್ದವಳು ಆ ತಂಗಿ ಒಬ್ಬಳೇ. ಇನ್ನು ಯಾರಿಗೆ ತೋರಿಸುವುದು ಎಂದು ಮೊಮ್ಮಗಳು ಅಳುತ್ತ ಕೇಳಿದಾಗ ತಂಗಿ ನನ್ನ ಮುಖ ನೋಡಿದಳು. "ಅಕ್ಕ ಬರ್ದು ಕೊಟ್ಟಂಗ ಮಾಡ್ರಿ, ನಂದೂ ಒಪ್ಪಿಗಿ ಐತಿ. ಆದ್ರ ನಾ ನೋಡಿದ್ರ ಏನು ತಿಳಿಯತೈತಿ? ನೀವು ಆಕಿ ಸಂಗಾಟ ಇದ್ದವರು. ಆಕಿ ಬದ್ಲಿ ನೀವು ನೋಡ್ರಿ."

ನಾಟಿಗೆ ಕೂಲಿಯವರು ಗದ್ದೆಗೆ ಇಳಿಯುವುದಕ್ಕೆ ಒಂದೇ ದಿನ ಇತ್ತು. ಕಟ್ಟೆಯ ಮೇಲೆ ಎಡಕ್ಕೆ ಆಕೆಯ ಪುಸ್ತಕ, ಬಲಕ್ಕೆ ಕರಡು ಇಟ್ಟುಕೊಂಡು ಕೂತೆ. ಓದು ಬಲ್ಲವರ ಕಣ್ಣು ಓಡುತ್ತದೆ, ನನ್ನದು ಓಡುವುದಿಲ್ಲ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಾಲುಂಗುರ ಇದ್ದರೆ ಕೂಡಲೇ ತೆಗೆಯಿರಿ. ಅಲ್ಲಿ ನನ್ನ ಬೆರಳು ಸ್ವಲ್ಪ ಹೊತ್ತು ನಿಂತಿತು.

ಸಿರುಗುಪ್ಪಕ್ಕೆ ಹೋಗಲು ಗಾಡಿ ಚಾಲು ಮಾಡಿಕೊಂಡು ನಿಂತಿದ್ದ ಹುಡುಗನಿಗೆ ತಡೆಯಲಾಗಲಿಲ್ಲ. "ಸಾಕು ಬಿಡಜ್ಜಿ, ಅಂಗಡಿ ಮುಚ್ಚತಾರ. ನೋಡಾಕ ಆಕಿ ಇಲ್ಲಲ್ಲ ಈಗ."

"ಇಲ್ಲ ಲೇ. ಅದಕ್ಕ ನಾ ನೋಡಾಕತ್ತೀನಿ. ಗಾಡಿ ಬಂದ್ ಮಾಡು."