ಮಂಜು ಬಿದ್ದ ಮೇಲೆ

ಒಂದು ವಾರ ರಜೆ ಹಾಕಿ ಚಾಮರಾಜನಗರದ ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ಕ್ರಿಕೆಟ್ಟಿನಲ್ಲಿ ನನಗೆ ತಿಳಿಯದ್ದು ಏನಾದರೂ ಇದೆ ಅಂದರೆ ಇವತ್ತಿಗೂ ನಾನು ಸುಲಭಕ್ಕೆ ಒಪ್ಪುವವನಲ್ಲ. ಸೋಮವಾರ ಸಂಜೆ ನಮ್ಮ ಟೀಮು ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡಾಗ, "ಭೇಷ್!" ಎಂದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ತಲೆ ಎತ್ತದೆಯೇ, "ಮೊದ್ಲು ಬೌಲಿಂಗ್ ತಕಬೇಕಿತ್ತು ಕಣಿ. ಆಮೇಲೆ ಮಂಜು ಬಿದ್ರ ಬಾಲು ಕೈಲಿ ನಿಲ್ಲದಿಲ್ಲ" ಎಂದಳು.

"ನೀನು ಸಾರು ನೋಡ್ಕ ಹೋಗಮ್ಮಿ" ಎಂದೆ.

ಸೋತೆವು.

ಮಾರನೇ ದಿನ ಗುಂಡ್ಲುಪೇಟೆಯ ಅಕ್ಕನ ಮನೆಗೆ ಹೊರಟೆ. ಬಸ್ಸಿನಲ್ಲಿ ಫೋನು ಹಿಡಿದು, ಮಂಜು ಬಿದ್ದರೇನಂತೆ ಎಂದು ಗೆಳೆಯನ ಹತ್ತಿರ ನಮ್ಮ ಬೌಲರುಗಳನ್ನು ಒಬ್ಬೊಬ್ಬರಾಗಿ ಬೈಯುತ್ತಿದ್ದೆ. ತೆರಕಣಾಂಬಿಯಲ್ಲಿ ಸೇವಂತಿಗೆ ಚೀಲದೊಂದಿಗೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದ ಅಜ್ಜಿ ತಿರುಗಿ ನೋಡಿದಳು.

"ಅವ್ರ್ನ ಯಾಕ ಬಯ್ತಿಯಪ್ಪ? ಮಂಜಲ್ಲಿ ಹೂವ ಕಿತ್ತಿದ್ದಿಯಾ? ಬೆರಳೆಲ್ಲ ಜಾರ್ತದ. ಬಿಸ್ಲು ಬಂದು ಮಂಜು ಆರೋವರ್ಗು ನಾವು ಹೂವ್ಗೆ ಕೈಯೇ ಹಾಕದಿಲ್ಲ. ಇನ್ನ ಆ ಹೈಕ್ಳು ಒದ್ದೆ ಬಾಲ ಎಂಗ ಹಿಡ್ದವು?"

ನಾನು ಫೋನು ಇಟ್ಟೆ.

"ಇಷ್ಟು ಹೇಳೋರು ನಿಮ್ಮನೇಲಿ ಯಾರೂ ಇಲ್ವಾ?" ಎಂದಳು.

ಗುಂಡ್ಲುಪೇಟೆಯಲ್ಲಿ ಅಜ್ಜಿಯ ಚೀಲ ಇಳಿಸಿಕೊಡುತ್ತ, "ಇದ್ದಾಳೆ" ಎಂದೆ.

ಶನಿವಾರದ ಹೊತ್ತಿಗೆ ಮನೆಗೆ ವಾಪಸಾಗಿದ್ದೆ; ಅವತ್ತು ಮತ್ತೆ ಮ್ಯಾಚು. ಟಾಸಿಗೆ ಮುಂಚೆ ಟಿವಿಯ ಸದ್ದು ತಗ್ಗಿಸಿ, ಏನೂ ನಡೆದೇ ಇಲ್ಲದವನ ಹಾಗೆ ಕೇಳಿದೆ: "ಏನಮ್ಮಿ, ಇವತ್ತು ಟಾಸ್ ಗೆದ್ರ ಯಾವ್ದು ತಕಂಡ್ರ ಒಳ್ಳೇದು?"

ಅಡುಗೆಮನೆಯಿಂದ ಉತ್ತರ ಬಂತು.

"ನನ್ನೇನ್ ಕೇಳಿರಿ? ನಾನು ಸಾರು ನೋಡ್ತಾ ಇವ್ನಿ."