ಕೊಳದ ತಳದಲ್ಲಿ ಕೆಸರು ಹುಡುಕಿದ ಶಿವಲಿಂಗಮ್ಮ

ಬೈರಮಂಗಲದ ಪಕ್ಕದ ಹಳ್ಳಿಯಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿಯಾಗಿರುವ ಶಿವಲಿಂಗಮ್ಮ, ತಾವು ಕಾಲೇಜಿನ ಈಜು ತಂಡದಲ್ಲಿದ್ದದ್ದು ಹೌದೋ ಅಲ್ಲವೋ ಎಂಬುದನ್ನು ಇಂದಿಗೂ ಖಚಿತವಾಗಿ ಹೇಳಲಾರರು.

೧೯೮೭ರಲ್ಲಿ ಅವರು ರಾಮನಗರದಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದರು. ಮನೆಯಲ್ಲಿ ರೇಷ್ಮೆ ಸಾಕಣೆ. ನಾಲ್ಕನೇ ಜ್ವರ ಬಿಟ್ಟ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳು ಗೂಡು ಕಟ್ಟುವವರೆಗೆ ಹಗಲಿರುಳು ಹಿಪ್ಪುನೇರಳೆ ಸೊಪ್ಪು ಬೇಡುತ್ತದೆ. ಮನೆಯವರು ಯಾರೂ ಕದಲುವಂತಿಲ್ಲ. ಆ ವರ್ಷ ನಾಲ್ಕು ಬೆಳೆಯಾಯಿತು, ಪ್ರತಿ ಬೆಳೆಗೂ ವಾರಗಟ್ಟಲೆ ಗೈರು. ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲ ಎಂಬ ಪಟ್ಟಿಯಲ್ಲಿ ಅವರ ಹೆಸರು ಬಂತು. ಕಾಲೇಜು ತಂಡಗಳಲ್ಲಿ ಆಡುವವರಿಗೆ ಮಾತ್ರ ರಿಯಾಯಿತಿ ಇತ್ತು.

"ನಿಂಗೆ ಈಜು ಬತ್ತದಲ್ವೇನೇ?" ಎಂದು ಕೇಳಿದವಳು ಗೆಳತಿ ಜಹೀದಾ, ರೇಷ್ಮೆ ನೂಲು ಬಿಚ್ಚುವವರ ಮಗಳು. "ಹೆಣ್ಮಕ್ಕಳ ರಿಲೇಗೆ ನಾಲ್ಕು ಜನ ಬೇಕಂತೆ. ಮೂರೇ ಜನ ಸಿಕ್ಕವ್ರೆ."

ಈಜು ಬರುತ್ತಿತ್ತು. ಅಪ್ಪ ಬೋರಲಿಂಗಯ್ಯ ಸೊಂಟಕ್ಕೆ ಸೋರೆಬುರುಡೆ ಕಟ್ಟಿ, ತೋಟದ ಬಾವಿಗೆ ತಳ್ಳಿ ಕಲಿಸಿದ್ದರು. ಆ ಬಾವಿಯ ಮಕ್ಕಳಲ್ಲಿ ಒಂದು ಪದ್ಧತಿ. ಧುಮುಕಿದವರು ತಳದ ಕೆಸರನ್ನು ಮುಷ್ಟಿಯಲ್ಲಿ ತಂದು ತೋರಿಸಬೇಕು. ಬರಿಗೈಯಲ್ಲಿ ಎದ್ದವರು ಸೋತಂತೆ.

ಆಯ್ಕೆ ನಡೆದದ್ದು ಬೆಂಗಳೂರು ರಸ್ತೆಯ ಶಾಲೆಯೊಂದರ ಈಜುಕೊಳದಲ್ಲಿ. ಅಣ್ಣನ ಅಂಗಿ, ಚಡ್ಡಿ ತೊಟ್ಟು ಶಿವಲಿಂಗಮ್ಮ ಉಳಿದ ಮೂವರ ಪಕ್ಕ ನಿಂತರು. ದೈಹಿಕ ಶಿಕ್ಷಣದ ಮೇಷ್ಟ್ರು ನಂಜುಂಡಯ್ಯ ಹೇಳಿದ್ದು ಇಷ್ಟೇ: "ಸೀಟಿ ಊದ್ತೀನಿ, ಧುಮುಕಿ."

ಸೀಟಿ ಕೇಳಿತು. ಮೂವರು ಮುಂದಕ್ಕೆ ಹೋದರು. ಶಿವಲಿಂಗಮ್ಮ ಕೆಳಕ್ಕೆ ಹೋದರು. ತಳದಲ್ಲಿ ಬಿಳಿ ಟೈಲ್ಸು. ತಡಕಿದರು, ಏನೂ ಸಿಗಲಿಲ್ಲ. ಆಳದ ಕಡೆ ಇದ್ದೀತೆಂದು ಅಲ್ಲಿಗೂ ತೆವಳಿದರು. ಅಲ್ಲಿಯೂ ಟೈಲ್ಸೇ. ದಂಡೆಯ ಮೇಲಿದ್ದ ನಂಜುಂಡಯ್ಯನವರಿಗೆ ನೀರಿನಲ್ಲಿ ಮೂರೇ ತಲೆ ಕಂಡವು. ಬೂಟು ಸಮೇತ ಹಾರಿದರು. ಇಬ್ಬರೂ ಒಟ್ಟಿಗೇ ಮೇಲೆದ್ದರು.

"ಏನಾಯ್ತಮ್ಮಾ ನಿಂಗೆ?"

"ಏನಿಲ್ಲ ಸಾ. ಒಸಿನೂ ಕೆಸ್ರಿಲ್ಲ ತಳದಾಗೆ. ಏನ್ ತರ್ಲಿ?"

"ಕೆಸ್ರು ಸಿಗ್ನಿಲ್ಲ ಅಂತ ಮೇಷ್ಟ್ರನ್ನೇ ಎತ್ಕೊಂಡ್ ಬಂದವ್ಳೆ!" ಎಂದು ಜಹೀದಾ ದಂಡೆಯಲ್ಲಿ ಬಿದ್ದು ಬಿದ್ದು ನಕ್ಕಳು.

ಎದುರಿನ ಗೋಡೆ ಮುಟ್ಟಬೇಕು ಎಂದು ಮೇಷ್ಟ್ರು ತಿಳಿಸಿ ಹೇಳಿದ ಮೇಲೆ ಇನ್ನೊಮ್ಮೆ ಬಿಟ್ಟರು. ಬಾವಿಯಲ್ಲಿ ಸುತ್ತು ಹಾಕಿ ಅಭ್ಯಾಸವಾದ ದೇಹ ಎಡಕ್ಕೇ ಎಳೆಯಿತು. ಮೂರು ಸಲ ಸಾಲು ಬೇರ್ಪಡಿಸುವ ಹಗ್ಗಕ್ಕೆ ತಾಗಿ, ತಲೆ ಎತ್ತಿಕೊಂಡೇ ಈಜಿ, ಗೋಡೆ ಮುಟ್ಟಿದರು.

"ಎಷ್ಟೊತ್ತಾಯ್ತು ಸಾ?"

ನಂಜುಂಡಯ್ಯ ಸ್ಟಾಪ್‌ವಾಚನ್ನು ಕಿವಿಗೆ ಹಿಡಿದರು. ಅದರೊಳಗೆ ನೀರು ಹೋಗಿತ್ತು. "ಗೊತ್ತಿಲ್ಲ" ಎಂದು ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು.

ವಾರದ ನಂತರ ತಂಡದ ಪಟ್ಟಿ ಬಂತು. ಮೂರು ಹೆಸರು ಶಾಯಿಯಲ್ಲಿ, ಶಿವಲಿಂಗಮ್ಮನವರದು ಪೆನ್ಸಿಲಿನಲ್ಲಿ. ಸ್ಪರ್ಧೆಗೆ ನಾಲ್ವರೂ ಮೈಸೂರಿಗೆ ಹೋದರು. ಅಲ್ಲಿಯ ಕೊಳದ ಪಂಪು ಕೆಟ್ಟು ಮೊಣಕಾಲುದ್ದವೂ ನೀರಿರಲಿಲ್ಲ. ರಿಲೇ ರದ್ದಾಯಿತು. ಉಪ್ಪಿಟ್ಟು ತಿಂದು ವಾಪಸಾದರು.

ಈಜದವರಿಗೆ ಹಾಜರಿ ಹೇಗೆ ಕೊಡುವುದು ಎಂದು ಗುಮಾಸ್ತರು ಕೇಳಿದರು. ಹೋಗಿದ್ದಾಳಲ್ಲ ಎಂದರು ನಂಜುಂಡಯ್ಯ. ಪೆನ್ಸಿಲಿನ ಹೆಸರು ಲೆಕ್ಕಕ್ಕುಂಟೇ ಎಂದರು ಗುಮಾಸ್ತರು. ಮುಂದೆ ಏನು ನಡೆಯಿತೆಂದು ಶಿವಲಿಂಗಮ್ಮನವರಿಗೆ ಯಾರೂ ಹೇಳಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಮೇಷ್ಟ್ರು ಕರೆದು ಪ್ರವೇಶಪತ್ರ ಕೈಗಿತ್ತರು.

"ಹಂಗಾರೆ ನಾನು ಟೀಮ್‌ನಾಗೆ ಇದೀನಾ ಸಾ?"

"ನಾಳೆ ಯಾವ ಪೇಪರ್ರು?"

"ಇತಿಹಾಸ."

"ಹೋಗಿ ಓದ್ಕೋ."

ಊರಿಗೆ ಮರಳುವ ಬಿಡದಿಯ ರೈಲಿನಲ್ಲಿ ಶಿವಲಿಂಗಮ್ಮ ಆ ಕಾಗದವನ್ನು ಹಿಂದುಮುಂದು ತಿರುಗಿಸಿ ಓದಿದರು. ಹೆಸರಿತ್ತು, ನಂಬರಿತ್ತು, ಮೊಹರಿತ್ತು. ಈಜಿನ ಮಾತು ಎಲ್ಲೂ ಇರಲಿಲ್ಲ.