ಎರಡು ಹಗ್ಗದ ಚೆಂಬು

ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮೂಡುಬಿದಿರೆಯ ನಮ್ಮ ಮನೆಯ ಬಾವಿ ತಳ ಕಂಡಿತು. ನೀರಿದ್ದದ್ದು ಬೇಲಿಯಾಚೆಯ ಬಾವಿಯಲ್ಲಿ. ಅದು ಅಜ್ಜಿಯ ಒಡಹುಟ್ಟಿದ ತಂಗಿ, ನನ್ನ ಚಿಕ್ಕಜ್ಜಿಯ ಮನೆ. ಕುಟುಂಬದ ಆಸ್ತಿ ಪಾಲಾದಾಗ ಅಕ್ಕತಂಗಿಯರ ನಡುವೆ ನಿಂತ ಮಾತು ನಾನು ಹುಟ್ಟಿ ಶಾಲೆಗೆ ಸೇರಿದರೂ ಶುರುವಾಗಿರಲಿಲ್ಲ. ಇಬ್ಬರದೂ ಒಂದೇ ಮೂಗು, ಒಂದೇ ಹಟ. ಆದರೂ ಆ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಅಜ್ಜಿಯ ಕಿವಿ ಅತ್ತಲೇ ಇರುತ್ತಿತ್ತು.

ಅಮ್ಮ ಹೋಗಿ ಮಾತಿಲ್ಲದೆ ನೀರು ಸೇದಿ ತಂದಳು. ನೀರಿಗೆ ಬಂದವರನ್ನು ತಡೆಯುವಷ್ಟು ಸಣ್ಣತನ ಅಲ್ಲಿ ಯಾರಿಗೂ ಇರಲಿಲ್ಲ. ಪೇಚಾಟ ಶುರುವಾದದ್ದು ಆಮೇಲೆ. ನಾವು ಜೈನರು, ನೀರನ್ನು ಮಡಚಿದ ಬಟ್ಟೆಯಲ್ಲಿ ಸೋಸಿಯೇ ಕುಡಿಯುವವರು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಚೆಂಬಿಗೆ ತೊಳೆದು, ಅವು ಬಂದ ಬಾವಿಗೇ ಬಿಡಬೇಕು.

"ನಮ್ಮ ಬಾವಿಗೇ ಬಿಡುವ ಅಜ್ಜಿ, ತಳದಲ್ಲಿ ಸ್ವಲ್ಪ ನೀರು ಉಂಟಲ್ಲ," ಎಂದೆ.

"ಅವುಗಳ ಮನೆ ಅಲ್ಲಿ. ಶಾಲೆ ಬಿಟ್ಟ ಮೇಲೆ ನಿನ್ನನ್ನು ಆಚೆ ಊರು ತೋಡಾರಿನಲ್ಲಿ ಯಾರದೋ ಮನೆಯಲ್ಲಿ ಬಿಟ್ಟರೆ ಆಗ್ತದಾ?"

ಅಜ್ಜಿ ಚೆಂಬಿನ ಬಾಯಿಯನ್ನು ಬೆಳಕಿನತ್ತ ವಾಲಿಸಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ರಾಗಿಕಾಳಿಗಿಂತ ಸಣ್ಣ ಚುಕ್ಕೆಯೊಂದು ಟಣ್ಣನೆ ನೆಗೆಯಿತು. ಅದರ ಹಿಂದೆ ಇನ್ನೊಂದು. ಶಾಲೆಯಲ್ಲಿ ಅಹಿಂಸೆ ಎಂದು ತಪ್ಪಿಲ್ಲದೆ ಬರೆಯಲು ಕಲಿತಿದ್ದೆ. ಅದು ಹೀಗೆ ನೆಗೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಆ ಚೆಂಬಿಗೆ ಎರಡು ಹಗ್ಗ. ಕೊರಳಿನದು ಇಳಿಸಲು, ತಳದ ಬಳೆಯದು ನೀರು ಮುಟ್ಟಿದ ಮೇಲೆ ಮಗುಚಲು. ಮೇಲಿಂದ ಸುರಿದರೆ ಜೀವಗಳಿಗೆ ಪೆಟ್ಟು. ನಮ್ಮ ಬಾವಿಯಲ್ಲಾದರೆ ಒಂದನ್ನು ಅಜ್ಜಿ, ಇನ್ನೊಂದನ್ನು ನಾನು ಹಿಡಿಯುತ್ತಿದ್ದೆವು. ಈಗ ಅಜ್ಜಿ ಬೇಲಿ ದಾಟಲೊಲ್ಲಳು. ನಾನೊಬ್ಬಳೇ ಹೋಗಿ ಒದ್ದಾಡುವುದನ್ನು ಕಂಡು ಚಿಕ್ಕಜ್ಜಿ ಜಗಲಿಯಿಂದ ಇಳಿದು ಬಂದರು. ಏನು, ಯಾಕೆ ಎಂದು ಕೇಳಲಿಲ್ಲ. ಅವರೂ ಅಜ್ಜಿಯ ಜೊತೆಗೇ ಬೆಳೆದವರು. ತಳದ ಹಗ್ಗ ಹಿಡಿದುಕೊಂಡರು.

ಇಬ್ಬರೂ ಬಗ್ಗಿ ನೋಡಿದೆವು. ಮುರಕಲ್ಲಿನ ಕೆಂಪು ಗೋಡೆಯಲ್ಲಿ ಜರಿಗಿಡ, ಬಹಳ ಕೆಳಗೆ ಒಂದು ತುಂಡು ಆಕಾಶ. ಚೆಂಬು ಸದ್ದಿಲ್ಲದೆ ಮಗುಚಿತು. ಅಷ್ಟು ಸಣ್ಣವರೂ ಮನೆ ಸೇರಿದರು ಎಂದುಕೊಂಡೆ.

"ಅಕ್ಕ ಈಗಲೂ ಎರಡು ಮಡಿಕೆ ಹಾಕಿಯೇ ಸೋಸ್ತಾಳಾ?" ಎಂದು ಚಿಕ್ಕಜ್ಜಿ ಕೇಳಿದರು.

ಮನೆಗೆ ಬಂದು ಹೇಳಿದೆ. "ಏನಂತ ಕರೆದಳು?" ಎಂದಳು ಅಜ್ಜಿ.

"ಅಕ್ಕ ಅಂತ."

ಅಜ್ಜಿ ಒಲೆಯ ಕಡೆ ತಿರುಗಿ ಕುಳಿತಳು.

ಬೇಸಿಗೆಯುದ್ದಕ್ಕೂ ಚೆಂಬು ಹೀಗೇ ಬೇಲಿ ದಾಟಿತು, ಅಜ್ಜಿ ದಾಟಲಿಲ್ಲ. ಮಳೆ ಹಿಡಿದು ನಮ್ಮ ಬಾವಿ ತುಂಬಿದಾಗ, ಇನ್ನು ಅತ್ತ ಹೋಗಲು ನೆಪವಿಲ್ಲವೆಂದು ನನಗೆ ಅಳು ಬಂತು. ಚಿಕ್ಕಜ್ಜಿಯ ಬಾವಿಯಿಂದ ತಂದ ಕೊನೆಯ ಕೊಡವನ್ನು ಸೋಸಿದ ಅಜ್ಜಿ ಚೆಂಬನ್ನು ನನ್ನ ಕೈಗೆ ಕೊಡಲಿಲ್ಲ. ಸೆರಗು ತಲೆಗೆ ಹೊದ್ದು ತಾನೇ ಬೇಲಿ ದಾಟಿದಳು. ನಾನು ಹಿಂದೆ ಓಡಿದೆ.

ಚಿಕ್ಕಜ್ಜಿ ಬಾವಿಕಟ್ಟೆಯ ಬಳಿ ಇದ್ದರು. ಅಜ್ಜಿ ತಳದ ಹಗ್ಗವನ್ನು ಅವರತ್ತ ಚಾಚಿದಳು.

"ಹಿಡಿ. ಇದು ಒಬ್ಬಳಿಂದ ಆಗುವುದಲ್ಲ."

ಮಳೆಗೆ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿತ್ತು. ಆದರೂ ಚೆಂಬನ್ನು ಇಳಿಸಲು ಅವರಿಬ್ಬರಿಗೆ ತುಂಬ ಹೊತ್ತು ಹಿಡಿಯಿತು.